ಬೇಗ ಬಂದ ಗುಲಾಬಿ

ಗುಲಾಬಿ ಬಣ್ಣ ಈ ಸಲವೂ ಬೇಗ ಬಂತು.

ಲ್ಯಾಬಿನ ಕಾಶೀರಾಮ ಕಾಕಾ ಬ್ಯೂರೆಟ್ಟಿನ ತಿರುಪು ಬಿಗಿ ಮಾಡಿದರು. ಕನ್ನಡಕ ಹಣೆಗೆ ಏರಿಸಿ, ಆ ಉದ್ದನೆಯ ಗಾಜಿನ ಕೊಳವೆಯ ಗೆರೆಗೆ ಕಣ್ಣು ಹಚ್ಚಿ ಓದಿದರು. ಹಾಳೆಯ ಮೇಲೆ ಲೆಕ್ಕ ಹಾಕಿ, ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು.

"ಎಪ್ಪತ್ತೊಂಬತ್ತು ಪರ್ಸೆಂಟ್ ಬಂತ್ರಿ."

ಪಕ್ಕದಲ್ಲಿ ನಿಂತಿದ್ದ ಜೇಬಾ ಸದ್ದಿಲ್ಲದೆ ಸ್ಟೂಲಿನ ಮೇಲೆ ಕೂತಳು. ಭಾಲ್ಕಿಯಲ್ಲಿ ಔಷಧಿ ಅಂಗಡಿ ಇಟ್ಟ ಸಲಾವೋದ್ದೀನರ ಮಗಳು ಅವಳು. ಅಪ್ಪ ಬೀದರಿನ ಜೈಲಿನಲ್ಲಿದ್ದಾರೆ, ಅವರು ಮಾರಿದ ಕಳಪೆ ಆಸ್ಪಿರಿನ್ ಗುಳಿಗೆ ತಿಂದು ಸಾಯಗಾಂವದ ಅನುಸೂಯಾಬಾಯಿ ಸತ್ತರು ಎಂಬ ಆರೋಪದ ಮೇಲೆ.

ಆಸ್ಪಿರಿನ್ ಎಂದರೆ ತಲೆನೋವು, ಮೈಕೈ ನೋವಿಗೆ ಎಲ್ಲರೂ ನುಂಗುವ ಅದೇ ಗುಳಿಗೆ. ಅದನ್ನೇ ಬಹಳ ಕಡಿಮೆ ಅಳತೆಯಲ್ಲಿ ಹೃದಯದ ರೋಗಿಗಳಿಗೂ ಕೊಡುತ್ತಾರೆ, ರಕ್ತ ಗಟ್ಟಿಯಾಗದಿರಲಿ ಅಂತ. ಅನುಸೂಯಾಬಾಯಿಯ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಒಂದು ದಿನವೂ ಗುಳಿಗೆ ತಪ್ಪಿಸಬೇಡಿ ಎಂದು ಹೈದರಾಬಾದಿನ ಡಾಕ್ಟರು ಹೇಳಿ ಕಳಿಸಿದ್ದರು. ಆಕೆ ತಪ್ಪಿಸಲಿಲ್ಲ, ಆದರೂ ಸ್ಟೆಂಟಿನಲ್ಲಿ ರಕ್ತ ಗಡ್ಡೆ ಕಟ್ಟಿತು.

ಸೋಮವಾರ ಜಾಮೀನಿನ ವಿಚಾರಣೆ. ಈ ಲ್ಯಾಬಿನ ಮೊದಲ ವರದಿಯಲ್ಲಿ ಗುಳಿಗೆಯೊಳಗೆ ಇರಬೇಕಾದಷ್ಟು ಔಷಧಿ ಇಲ್ಲ ಎಂದಿದೆ. ಇಂದಿನ ಮರುಪರೀಕ್ಷೆಯೂ ಅದನ್ನೇ ಹೇಳಿದರೆ ಸಲಾವೋದ್ದೀನರು ಜೈಲಿನಲ್ಲೇ ಉಳಿಯುತ್ತಾರೆ. ಸಕ್ಕರೆ ಕಾಯಿಲೆಯ ಮನುಷ್ಯ, ಕಾಲಿಗೆ ಆಗಲೇ ಗಾಯ ಆಗಿದೆಯಂತೆ.

ನಾನು ವಿಶಾಖಾ. ಬೀದರಿನ ಚೌಬಾರಾ ಹತ್ತಿರ ಒಂದು ಖೋಲಿಯ ಪತ್ತೇದಾರಿ ಆಫೀಸು ನನ್ನದು. ಪತ್ತೇದಾರಿ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ, ವರ್ಷದ ಹತ್ತು ತಿಂಗಳು ಮದುವೆ ಗಂಡಿನ ನಡತೆ ವಿಚಾರಿಸುವುದೇ ಕೆಲಸ. ಕುಡಿತಾನೋ ಇಲ್ಲೋ, ಮೊದಲೊಂದು ಮದುವೆ ಆಗಿದೆಯೋ ಏನೋ. ಬಸ್ಸಿನಲ್ಲಿ ಕುಲುಕಿ ಕುಲುಕಿ ಸೊಂಟ ಹೋಗಿದೆ. ಈ ಕೇಸನ್ನು ಸಲಾವೋದ್ದೀನರ ಕಡೆಯ ಅಬ್ದುಲ ಗಫೂರ ವಕೀಲರು ತಂದು ತಲೆಗೆ ಕಟ್ಟಿದಾಗ, ಬಿ.ಎಸ್ಸಿ. ಕೆಮಿಸ್ಟ್ರಿ ಓದಿದ್ದು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ ಅಂತ ಒಪ್ಪಿಕೊಂಡೆ. ಈಗ ಅನ್ನಿಸುತ್ತಿದೆ, ಗಂಡುಗಳೇ ವಾಸಿ.

ಬೀದರಿನ ಪಕ್ಕದ ಕೊಳಾರದ ಈ ಖಾಸಗಿ ಲ್ಯಾಬಿನೊಳಗೆ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಕೋರ್ಟಿನ ಅಪ್ಪಣೆಯಂತೆ ಎರಡೂ ಕಡೆಯವರು ಎದುರಿಗೆ ಇರಬೇಕಿತ್ತು. ಹಾಗಾಗಿ ಅನುಸೂಯಾಬಾಯಿಯ ಮಗ ಸುಶೀಲಕುಮಾರನೂ ಬಂದು ಬಾಗಿಲ ಹತ್ತಿರ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸಾಲಿ ಮಾಸ್ತರ. ತಾಯಿ ಸತ್ತ ಮೇಲೆ ಗಡ್ಡ ತೆಗೆದಿರಲಿಲ್ಲ.

"ಇನ್ನೇನ್ ನೋಡೋದು ಉಳದದರಿ?" ಎಂದ ಅವನು. ಸಿಟ್ಟೂ ಇರಲಿಲ್ಲ ದನಿಯಲ್ಲಿ. ಸಿಟ್ಟು ಮಾಡಿ ಮಾಡಿ ಸಾಕಾದವನ ದನಿ ಅದು.

ನನಗೂ ಸಾಕಾಗಿತ್ತು. ನಿನ್ನೆ ಇಡೀ ದಿನ ಔರಾದಿನಲ್ಲಿ ಅಲೆದಿದ್ದೆ. ಕಾಶೀರಾಮ ಕಾಕಾನ ಊರು ಅದು, ದಿನಾ ಅಲ್ಲಿಂದಲೇ ಬಸ್ಸಿಗೆ ಬಂದು ಹೋಗುತ್ತಾರೆ. ಭಾಲ್ಕಿಯಲ್ಲಿ ಸಲಾವೋದ್ದೀನರ ಎದುರಂಗಡಿಯ ಅಖೀಲನಿಂದ ಲಂಚ ತಿಂದು ಸುಳ್ಳು ವರದಿ ಬರೆದಿದ್ದಾರೆ ಎಂಬ ಗುಮಾನಿ ನನಗಿತ್ತು. ಅಖೀಲನಿಗೂ ಸಲಾವೋದ್ದೀನರಿಗೂ ಮೊದಲಿಂದ ಆಗಿಬರುವುದಿಲ್ಲ. ಆದರೆ ಔರಾದಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಕಾಶೀರಾಮ ಸುಳ್ಳು ಹೇಳುವ ಮನುಷ್ಯ ಅಲ್ಲ, ಬೇಕಾದರೆ ಜಗಳ ಆಡ್ತಾನ. ಚಹಾ ಕುಡಿಸಿ ಕಳಿಸಿದರು. ಆ ಗುಮಾನಿ ಅಲ್ಲಿಗೇ ಸತ್ತಿತು.

ಇಂದು ಕೂತು ನೋಡಿದೆ, ಮನುಷ್ಯ ನಿಜಕ್ಕೂ ನೆಟ್ಟಗೇ ಕೆಲಸ ಮಾಡುತ್ತಿದ್ದರು. ಅಂಗಡಿಯಿಂದ ಜಪ್ತಿ ಮಾಡಿದ ಗುಳಿಗೆ ಪಟ್ಟಿಗಳ ಮೊಹರು ನಮ್ಮೆದುರೇ ಒಡೆದು, ಇಪ್ಪತ್ತು ಗುಳಿಗೆ ಒಟ್ಟಿಗೇ ಖಲಬತ್ತಿನಲ್ಲಿ ಕುಟ್ಟಿ ಹಿಟ್ಟು ಮಾಡಿದರು. ತಕ್ಕಡಿಯಲ್ಲಿ ತೂಗಿ, ಒಂದು ಪಾಲು ಶೀಶೆಗೆ ಹಾಕಿ, ಸ್ಪಿರಿಟ್ ಸುರಿದು ಕುಲುಕಿ ಕರಗಿಸಿದರು. ಕ್ಷಾರ ಮುಟ್ಟಿದರೆ ಗುಲಾಬಿಯಾಗುವ ಸೂಚಕ ಎರಡು ಹನಿ ಬಿಟ್ಟರು. ಮೇಲಿನ ಬ್ಯೂರೆಟ್ಟಿನಿಂದ ಕಾಸ್ಟಿಕ್ ಸೋಡಾ ನೀರು ಹನಿಹನಿಯಾಗಿ.

ಲೆಕ್ಕ ಬಹಳ ಸರಳ. ಆಸ್ಪಿರಿನ್ ಹುಳಿ, ಸೋಡಾ ಕ್ಷಾರ. ಹನಿ ಹನಿ ಸೋಡಾ ಆ ಹುಳಿಯನ್ನು ಕೊಲ್ಲುತ್ತಾ ಹೋಗುತ್ತದೆ. ಹುಳಿಯೆಲ್ಲ ಮುಗಿದ ಕ್ಷಣ ಶೀಶೆಯ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸೋಡಾ ಹೆಚ್ಚು ಹಿಡಿಸಿದರೆ ಗುಳಿಗೆಯಲ್ಲಿ ಔಷಧಿ ಹೆಚ್ಚು. ಗುಲಾಬಿ ಬೇಗ ಬಂದರೆ ಔಷಧಿ ಕಮ್ಮಿ. ಬೇಗ ಬಂದಿತ್ತು.

ಮೊದಲ ವರದಿಯ ನಕಲು ನನ್ನ ಕೈಯಲ್ಲಿತ್ತು. ಬೇಜಾರಿಗೆ ಅದನ್ನೇ ಮತ್ತೆ ತಿರುವಿದೆ. ಆವತ್ತು ಮೂರು ಸಲ ಅಳೆದಿದ್ದರು: ಎಂಬತ್ತೆರಡು, ಎಪ್ಪತ್ತಾರು, ಎಂಬತ್ತೆಂಟು. ಮೂರನ್ನೂ ಕೂಡಿಸಿ ಸರಾಸರಿ ತೆಗೆದು ಸಹಿ ಹಾಕಿದ್ದರು. ಇಂದು ಎಪ್ಪತ್ತೊಂಬತ್ತು.

ಇಷ್ಟು ದಿನ ಆ ಸರಾಸರಿಯನ್ನೇ ನೋಡುತ್ತಾ ಕೂತಿದ್ದೆ ನಾನು, ದಡ್ಡಿ. ಗುಳಿಗೆಗಳನ್ನೆಲ್ಲ ಒಟ್ಟಿಗೆ ಕುಟ್ಟಿದ ಮೇಲೆ ಹಿಟ್ಟು ಒಂದೇ. ಒಂದೇ ಗಡಿಗೆಯ ಸಾರು ಒಂದು ಬಟ್ಟಲಲ್ಲಿ ಉಪ್ಪುಪ್ಪು, ಇನ್ನೊಂದರಲ್ಲಿ ಸಪ್ಪೆ ಹೇಗಾದೀತು? ಗುಳಿಗೆ ಕಳಪೆಯೇ ಆಗಿದ್ದರೆ ಮೂರು ಸಲವೂ ಒಂದೇ ಸಮ ಕಳಪೆ ಇರಬೇಕು.

ಇದನ್ನು ಹೇಳಿದೆ. ಕಾಶೀರಾಮ ಕಾಕಾನ ಮುಖ ಕೆಂಪಗಾಯಿತು. ಚೂರು ಹೆಚ್ಚುಕಮ್ಮಿ ಆಗುತ್ತದೆ, ಇದೇನು ಬೆಂಗಳೂರಿನ ಲ್ಯಾಬು ಅಲ್ಲ ಎಂದರು. ನಿಮ್ಮ ಸ್ಪಿರಿಟ್ಟಿನಲ್ಲೇ ಏನಾದರೂ ಬೆರೆತಿದೆಯೋ ಅಂದೆ. ಇಲ್ಲ, ಬರೀ ಸ್ಪಿರಿಟ್ಟನ್ನು ದಿನಾ ಮುಂಜಾನೆ ಬಂದ ಕೂಡಲೇ, ಬಸ್ಸಿಳಿದು ಕೈಕಾಲು ತೊಳೆದು, ಮೊದಲ ಕೆಲಸವಾಗಿ ಪರೀಕ್ಷೆ ಮಾಡುತ್ತೇನೆ, ಅದು ಯಾವತ್ತೂ ಸರಿಯಾಗೇ ಬರುತ್ತದೆ ಎಂದರು. ಗಾಜಿನ ಸಾಮಾನು ತೊಳೆದದ್ದನ್ನು ನಾನೇ ನೋಡಿದ್ದೆ.

"ಇನ್ನೊಮ್ಮೆ ಮಾಡ್ರಿ ಕಾಕಾ," ಎಂದೆ.

"ಮಾಡ್ತೇನಿ. ಐದು ಮಿನಿಟ್ ತಡೀರಿ."

ಅವರು ಹೊರಗೆ ಹೋದರು. ನಾನು ಕಿಟಕಿಯಲ್ಲಿ ನೋಡುತ್ತಾ ನಿಂತೆ, ನೋಡಲು ಬೇರೇನೂ ಇರಲಿಲ್ಲ. ಎದುರಿನ ಗೋದಾಮಿಗೆ ತೊಗರಿ ಚೀಲ ಇಳಿಯುತ್ತಿದ್ದವು. ಕಾಕಾ ಬೇವಿನ ಗಿಡದ ಕೆಳಗೆ ನಿಂತು ಅಂಗಿ ಕಿಸೆಯಿಂದ ಚಂಚಿ ತೆಗೆದರು. ಎಡ ಅಂಗೈಗೆ ತಂಬಾಕು ಸುರಿದು, ಡಬ್ಬಿಯಿಂದ ಉಗುರಿನ ತುದಿಯಲ್ಲಿ ಸುಣ್ಣ ಕಿತ್ತು ಹಾಕಿ, ಬಲ ಹೆಬ್ಬೆರಳಿನಿಂದ ತಿಕ್ಕತೊಡಗಿದರು. ನಮ್ಮ ಕಡೆ ಅರ್ಧ ಗಂಡಸರು ಮಾಡುವುದೇ ಅದು. ಚೆನ್ನಾಗಿ ತಿಕ್ಕಿ, ಪಟಪಟ ತಟ್ಟಿ ಧೂಳು ಹಾರಿಸಿ, ತುಟಿಯ ಸಂದಿಗೆ ಇಟ್ಟುಕೊಂಡರು. ಕೈ ಧೋತರಕ್ಕೆ ಒರೆಸಿಕೊಂಡು ಒಳಗೆ ಬಂದರು.

ಬಂದವರೇ ಹಿಟ್ಟು ತೂಗಿ ಶೀಶೆಗೆ ಹಾಕಿದರು, ಸ್ಪಿರಿಟ್ ಸುರಿದರು. ಶೀಶೆಯ ಬಿರಡೆ ದೀಪಾವಳಿಗೆ ಮೊದಲೇ ಒಡೆದಿತ್ತಂತೆ, ಹೊಸದು ಇನ್ನೂ ಬಂದಿಲ್ಲ. ಹಾಗಾಗಿ ಶೀಶೆಯ ಬಾಯಿಗೆ ಬಲ ಹೆಬ್ಬೆರಳು ಒತ್ತಿ ಹಿಡಿದು, ತಲೆಕೆಳಗು ಮಾಡಿ, ಜೋರಾಗಿ ಕುಲುಕಿದರು.

ನಾನು ಕಿಟಕಿ ಬಿಟ್ಟು ಮೇಜಿನ ಹತ್ತಿರ ಬಂದೆ.

"ಕಾಕಾ, ಅದನ್ನ ಕೆಳಗ ಇಡ್ರಿ."

"ಯಾಕ್ರಿ?"

ನಾನು ಒಂದು ಸ್ವಚ್ಛ ಗಾಜಿನ ಲೋಟದಲ್ಲಿ ಅವರದೇ ಶುದ್ಧ ನೀರು ತೆಗೆದುಕೊಂಡೆ. ಅದರಲ್ಲಿ ಹೆಬ್ಬೆರಳು ಅದ್ದಿ ಅಂದೆ. ಅವರು ಹುಬ್ಬು ಗಂಟಿಕ್ಕಿದರು. ಹುಡುಗಾಟಿಕೆ ನಡೆಸಿದ್ದೀರೇನು, ನನ್ನ ವಯಸ್ಸಿಗಾದರೂ ಮರ್ಯಾದೆ ಬೇಡವೇನು ಅಂತ ಗೊಣಗಿದರು. ಕೋರ್ಟಿನ ಅಪ್ಪಣೆ ಎಂದೆ. ಹಾಗಂತ ಅಪ್ಪಣೆಯಲ್ಲಿ ಎಲ್ಲೂ ಇರಲಿಲ್ಲ. ಗೊಣಗುತ್ತಲೇ ಅದ್ದಿದರು, ತೆಗೆದರು.

ನೀರು ನೀರಿನಂತೆಯೇ ಇತ್ತು. ಅದಕ್ಕೆ ಎರಡು ಹನಿ ಸೂಚಕ ಬಿಟ್ಟೆ.

ಲೋಟ ಕಡು ಗುಲಾಬಿ ಆಯಿತು. ಸೋಡಾದ ಒಂದು ಹನಿಯೂ ಬಿದ್ದಿರಲಿಲ್ಲ ಅದಕ್ಕೆ.

ಜೇಬಾ ಎದ್ದು ಬಂದಳು. ಸುಶೀಲಕುಮಾರ ಕುರ್ಚಿ ಬಿಟ್ಟು ಏಳಲಿಲ್ಲ, ಕತ್ತು ಮಾತ್ರ ಮುಂದೆ ಚಾಚಿದ್ದ. ಕಾಶೀರಾಮ ಕಾಕಾ ತಮ್ಮ ಹೆಬ್ಬೆರಳನ್ನು ಕಣ್ಣ ಹತ್ತಿರ ಹಿಡಿದುಕೊಂಡು ನೋಡಿದರು. ಉಗುರಿನ ಅಂಚಿಗೆ ಬೆಳ್ಳಗೆ ಸುಣ್ಣ ಕೂತಿತ್ತು.

ಸುಣ್ಣ ಕ್ಷಾರ. ಕಾಕಾನ ಹೆಬ್ಬೆರಳಿನಿಂದ ಶೀಶೆಗೆ ಇಳಿದ ಸುಣ್ಣ, ಸೋಡಾ ಮುಟ್ಟುವ ಮೊದಲೇ ಒಂದಿಷ್ಟು ಹುಳಿಯನ್ನು ಕೊಂದು ಕೂತಿರುತ್ತಿತ್ತು. ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ. ಅದಕ್ಕೇ ಒಂದೊಂದು ಸಲ ಒಂದೊಂದು ಲೆಕ್ಕ. ಮುಂಜಾನೆಯ ಬರೀ ಸ್ಪಿರಿಟ್ಟಿನ ಪರೀಕ್ಷೆ ಮಾತ್ರ ಸರಿ ಬರುತ್ತಿತ್ತು, ಯಾಕೆಂದರೆ ದಿನದ ಮೊದಲ ತಂಬಾಕು ಅದಾದ ಮೇಲೆ.

"ಲ್ಯಾಬಿನ್ಯಾಗ ಒಂದಿನಾ ತಂಬಾಕ ತಿಂದಿಲ್ಲರಿ ನಾ," ಎಂದರು ಕಾಕಾ. "ಹೊರಗ ಹೋಗೇ ತಿಂತೇನಿ. ಒಳಗ ಉಗುಳಬಾರದಂತ."

ಈ ಮನುಷ್ಯನ ಮೇಲೆ ನನಗೆ ಸಿಟ್ಟೂ ಬಂದಿತ್ತು, ಅಯ್ಯೋ ಅಂತಲೂ ಅನ್ನಿಸಿತ್ತು. ಒಬ್ಬ ಸಜ್ಜನನ ಚಟಕ್ಕೆ ಇನ್ನೊಬ್ಬ ಸಜ್ಜನ ಜೈಲಿನಲ್ಲಿ ಕೂತಿದ್ದ.

ಕಾಕಾ ತೊಟ್ಟಿಗೆ ಹೋಗಿ ಸಾಬೂನು ಕೈಗೆತ್ತಿಕೊಂಡರು. ಜೇಬಾ ತಡೆದಳು. ಅವಳೂ ಫಾರ್ಮಸಿ ಓದಿದವಳು. ಸಾಬೂನೂ ಕ್ಷಾರವೇ, ಬರೀ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ ಎಂದಳು. ತಾನೇ ನಲ್ಲಿ ತಿರುವಿ ನಿಂತಳು. ಬೇರೊಂದು ಶೀಶೆಯ ರಬ್ಬರ್ ಬಿರಡೆ ಕಿತ್ತು ತೊಳೆದು ತಂದಳು. ತನ್ನ ತಂದೆಯನ್ನು ಜೈಲಿಗೆ ಕಳಿಸಿದ ಕೈಗೆ ಈ ಹುಡುಗಿ ನೀರು ಬಿಡುತ್ತಿದ್ದಾಳಲ್ಲ ಅನ್ನಿಸಿತು.

ಮತ್ತೆ ಹಿಟ್ಟು, ಮತ್ತೆ ಸ್ಪಿರಿಟ್. ಈ ಸಲ ಬಿರಡೆ ಹಾಕಿ ಕುಲುಕಿದರು. ಸೋಡಾ ಇಳಿಯತೊಡಗಿತು. ಮೊದಲು ಗುಲಾಬಿ ಬಂದ ಗೆರೆ ದಾಟಿತು, ನೀರು ತಿಳಿಯಾಗಿಯೇ ಇತ್ತು. ಜೇಬಾ ನನ್ನ ಮುಂಗೈ ಹಿಡಿದುಕೊಂಡಳು. ಇನ್ನೂ ಇಳಿಯಿತು. ಹನಿ ಬಿದ್ದಲ್ಲಿ ಗುಲಾಬಿ ಮಿಂಚಿ ಮಾಯವಾಗುತ್ತಿತ್ತು. ಕಾಕಾ ಹನಿಗೊಮ್ಮೆ ನಿಲ್ಲಿಸಿ ಕುಲುಕುತ್ತಿದ್ದರು. ಕೊನೆಗೆ ಒಂದು ಹನಿಗೆ ತೆಳು ಗುಲಾಬಿ ನಿಂತೇಬಿಟ್ಟಿತು.

ತೊಂಬತ್ತೊಂಬತ್ತು.

ಇನ್ನೊಮ್ಮೆ ಮಾಡಿಸಿದೆ. ಅಷ್ಟೇ ಬಂತು. ಮೂರನೇ ಸಲಕ್ಕೆ ಕೂದಲೆಳೆಯಷ್ಟು ಹೆಚ್ಚು. ಸಲಾವೋದ್ದೀನರ ಅಂಗಡಿಯ ಗುಳಿಗೆಯಲ್ಲಿ ಯಾವ ದೋಷವೂ ಇರಲಿಲ್ಲ.

ಜೇಬಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಬ್ಬಾಗೆ ಈಗಲೇ ಹೇಳಿಕಳಿಸಬೇಕು, ಅಮ್ಮಿಗೆ ಫೋನ್ ಮಾಡಬೇಕು ಎನ್ನುತ್ತಿದ್ದಳು. ತಾಯಿ ಶಾಕಿರಾ ಬೇಗಂ ಆವತ್ತಿನಿಂದ ಸರಿಯಾಗಿ ಉಂಡಿಲ್ಲವಂತೆ. ನನಗೆ ಮನೆಗೆ ಹೋಗಿ ಸೊಂಟಕ್ಕೆ ಬಿಸಿನೀರು ಹಾಕಿಕೊಂಡು ಮಲಗಿದರೆ ಸಾಕಿತ್ತು.

"ಹಂಗಾದ್ರ ನಮ್ಮವ್ವ ಯಾಕ ಸತ್ತಳ್ರಿ?" ಎಂದ ಸುಶೀಲಕುಮಾರ.

ಒಳ್ಳೆಯ ಔಷಧಿ ತಿಂದವರೂ ಸಾಯುತ್ತಾರೆ, ಹೃದಯದ ಕಾಯಿಲೆ ಎಂದರೆ ಹಾಗೇ ಅಂತ ಏನೋ ಹೇಳಿದೆ. ಹೇಳುವಾಗ ನನಗೇ ಅದು ಸಪ್ಪೆ ಅನ್ನಿಸಿತು. ಅವನು ತೊಡೆಯ ಮೇಲಿನ ಚೀಲ ಬಿಚ್ಚಿ ಒಂದು ಸಣ್ಣ ಡಬ್ಬಿ ತೆಗೆದ. ಪೆಪ್ಪರಮೆಂಟಿನ ಹಳೇ ತಗಡಿನ ಡಬ್ಬಿ, ಮೇಲಿನ ಚಿತ್ರ ಸವೆದು ಹೋಗಿತ್ತು.

ಇದು ತನ್ನ ತಾಯಿಯ ಗುಳಿಗೆ ಡಬ್ಬಿ ಎಂದ. ಅವಳ ಬೆರಳು ಸೆಟೆದಿದ್ದವು, ಪಟ್ಟಿ ಹರಿದು ಗುಳಿಗೆ ತೆಗೆಯಲು ಬರುತ್ತಿರಲಿಲ್ಲ. ಹಾಗಾಗಿ ವಾರಕ್ಕಾಗುವಷ್ಟು ಬಿಡಿಸಿ ಇದರಲ್ಲಿ ಹಾಕಿಡುತ್ತಿದ್ದರು. ಪೊಲೀಸರಿಗೆ ಇದು ಸಿಕ್ಕಿರಲಿಲ್ಲ, ಅವರು ಅಂಗಡಿಯ ಪಟ್ಟಿ ಅಷ್ಟೇ ಒಯ್ದಿದ್ದರು. ನಿನ್ನೆ ತಾಯಿಯ ಕೌದಿ ಒಗೆಯಲು ತೆಗೆದಾಗ ಮಡಿಕೆಯೊಳಗಿಂದ ಬಿತ್ತಂತೆ. ಯಾರಿಗೂ ಹೇಳಿರಲಿಲ್ಲ, ತಾಯಿಯ ಗುರುತು ಅಂತ ಇಟ್ಟುಕೊಂಡಿದ್ದ.

"ಇದರಾಗಿಂದೂ ನೋಡ್ರಿ ಕಾಕಾ," ಎಂದ. "ಆಮ್ಯಾಗ ನಾ ಏನೂ ಕೇಳಂಗಿಲ್ಲ."

ಇದು ಅಪ್ಪಣೆಯಲ್ಲಿಲ್ಲ, ಬೇಡ ಎನ್ನಬಹುದಿತ್ತು ನಾನು. ವಕೀಲರಾಗಿದ್ದರೆ ಖಂಡಿತ ಬೇಡ ಅನ್ನುತ್ತಿದ್ದರು. ಆದರೆ ಜೇಬಾನೇ ಮುಂದೆ ಬಂದಳು. ನೋಡಲಿ ಅಕ್ಕಾ, ಅವೂ ನಮ್ಮ ಅಂಗಡಿಯವೇ, ಅಣ್ಣನ ಮನಸ್ಸಿಗೂ ಸಮಾಧಾನ ಆಗಲಿ ಎಂದಳು. ತಾನೇ ಡಬ್ಬಿ ತೆಗೆದುಕೊಂಡು ಮುಚ್ಚಳ ತೆರೆದುಕೊಟ್ಟಳು. ಒಳಗೆ ನಾಲ್ಕಾರು ಬಿಳಿ ಗುಳಿಗೆ ಉಳಿದಿದ್ದವು. ಗಾತ್ರ, ಬಣ್ಣ ಎಲ್ಲ ಅದೇ.

ಕಾಕಾ ಹೇಳಿಸಿಕೊಳ್ಳದೆ ಮತ್ತೆ ಕೈ ತೊಳೆದು ಬಂದರು. ಕುಟ್ಟಿದರು, ತೂಗಿದರು, ಬಿರಡೆ ಹಾಕಿ ಕುಲುಕಿದರು. ಹಿಟ್ಟು ಕರಗಲಿಲ್ಲ, ತಳದಲ್ಲಿ ಹಾಗೇ ಕೂತಿತು. ಸೂಚಕ ಬಿಟ್ಟು ಬ್ಯೂರೆಟ್ಟಿನ ತಿರುಪು ಸಡಿಲಿಸಿದರು.

ಮೊದಲ ಹನಿಗೇ ಗುಲಾಬಿ. ಕುಲುಕಿದರೂ ಹೋಗಲಿಲ್ಲ.

ಕಾಕಾ ಗಾಬರಿಯಿಂದ ತಮ್ಮ ಹೆಬ್ಬೆರಳು ನೋಡಿಕೊಂಡರು. ಅದನ್ನು ಬೇರೆ ಲೋಟದಲ್ಲಿ ಅದ್ದಿಸಿ ಸೂಚಕ ಬಿಟ್ಟೆ. ನೀರು ತಿಳಿಯಾಗಿಯೇ ಉಳಿಯಿತು. ಈ ಸಲ ತಪ್ಪು ಕೈಯದಲ್ಲ. ಆ ಗುಳಿಗೆಗಳಲ್ಲಿ ಹುಳಿಯೇ ಇರಲಿಲ್ಲ, ಆಸ್ಪಿರಿನ್ನಿನ ಹೆಸರೂ ಇರಲಿಲ್ಲ.

"ಡಬ್ಬಿಯೊಳಗ ಇಟ್ಟು ಕೆಟ್ಟಿರಬಹುದಲ್ಲ?" ಎಂದೆ ಜೇಬಾಗೆ. ಹೌದು ಅನ್ನಲಿ ಅಂತಲೇ ಕೇಳಿದೆ.

ಅವಳು ಡಬ್ಬಿ ಮೂಸಿ ನೋಡಿದಳು. "ಇಲ್ಲ ಅಕ್ಕಾ. ಆಸ್ಪಿರಿನ್ ಕೆಟ್ಟರ ವಿನೆಗರ್ ವಾಸನಿ ಬರ್ತದ. ಕೆಟ್ಟರೂ ಹುಳಿ ಹೋಗಂಗಿಲ್ಲ." ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. "ಇವು ಬ್ಯಾರೆ ಏನೋ ಅವ."

ಯಾರೋ ಬದಲಿಸಿದ್ದಾರೆ. ಮುದುಕಿ ದಿನಾ ತಪ್ಪದೆ ಗುಳಿಗೆ ನುಂಗಿದ್ದಾಳೆ, ಔಷಧಿಯೇ ಇಲ್ಲದ್ದನ್ನು. ಈಗ ಇದು ಕಳಪೆ ಔಷಧಿಯ ಕೇಸಾಗಿ ಉಳಿಯಲಿಲ್ಲ. ಸೊಂಟದ ನೋವು ಮರೆತೇ ಹೋಯಿತು ನನಗೆ.

ಈ ಡಬ್ಬಿ ಯಾರು ತುಂಬುತ್ತಿದ್ದರು ಎಂದು ಕೇಳಿದೆ. ಸುಶೀಲಕುಮಾರ ಜೇಬಾಳ ಕಡೆ ನೋಡಿದ.

"ನಾನ ತುಂಬತಿದ್ದೆ," ಎಂದಳು ಜೇಬಾ. "ಐತವಾರಕ್ಕೊಮ್ಮೆ ಗುಳಿಗಿ ಕೊಡಾಕ ಸಾಯಗಾಂವಕ್ಕ ಹೋಗಿ. ಅಜ್ಜಿ ಎದುರಿಗೇ ಪಟ್ಟಿ ಹರದು ಹಾಕ್ತಿದ್ದೆ. ಅಣ್ಣಾ, ಖುದಾನ ಆಣಿ, ಅಂಗಡಿ ಪಟ್ಟಿಯಿಂದ ಬಿಡಿಸಿ ಹಾಕೀನಿ. ಇವು ನಾ ಹಾಕಿದ್ದು ಅಲ್ಲ."

ಅವನು ಮುಖ ಬೇರೆ ಕಡೆ ತಿರುಗಿಸಿದ.

ಕಾಶೀರಾಮ ಕಾಕಾ ಪೆನ್ನು ಹಿಡಿದು ನಿಂತಿದ್ದರು. ಇಷ್ಟು ಹೊತ್ತಿನಲ್ಲಿ ಹತ್ತು ವರ್ಷ ವಯಸ್ಸಾದ ಹಾಗಿದ್ದರು. "ಪಟ್ಟಿದು ಅಷ್ಟ ಬರೀಲೇನ್ರಿ, ಡಬ್ಬಿದೂ ಬರೀಲಿ?" ಎಂದು ಮೆಲ್ಲಗೆ ಕೇಳಿದರು.

ಪಟ್ಟಿಯದಷ್ಟೇ ಬರೆದರೆ ಸೋಮವಾರ ಸಲಾವೋದ್ದೀನರು ಮನೆಗೆ. ಡಬ್ಬಿಯದೂ ಬರೆದರೆ ಅದೇ ದಿನ ಪೊಲೀಸರು ಅವರ ಮಗಳನ್ನು ಹುಡುಕಿಕೊಂಡು ಬರುತ್ತಾರೆ. ಅಷ್ಟರಲ್ಲಿ ನನಗೆ ಫೋನ್ ಬಂತು. ಅಬ್ದುಲ ಗಫೂರ ವಕೀಲರು.

ನಾನು ಹಿಂದಿನ ಖೋಲಿಗೆ ಸರಿದೆ. ಅಂಗಡಿ ಗುಳಿಗೆ ಪಾಸಾದವು, ತೊಂಬತ್ತೊಂಬತ್ತು ಬಂತು ಎಂದೆ. ಆ ಕಡೆಯಿಂದ ಖುಷಿಯ ಮಾತೇನೂ ಬರಲಿಲ್ಲ.

"ನಾ ಈಗಷ್ಟ ಜೈಲಿಂದ ಹೊರಗ ಬಂದೀನ್ರಿ ಮೇಡಂ," ಎಂದರು ವಕೀಲರು. "ಸಲಾವೋದ್ದೀನ ಸಾಬರು ಪರೀಕ್ಷಾದ ಮಾತೇ ಕೇಳಲಿಲ್ಲ. ಅಳಾಕತ್ತಾರ. ಮುದುಕಿ ಮನ್ಯಾಗ ಒಂದು ಪೆಪ್ಪರಮೆಂಟ್ ಡಬ್ಬಿ ಅದಂತ. ಅದನ್ನ ಹ್ಯಾಂಗಾರ ಮಾಡಿ ತರಸ್ರಿ ಅಂತಾರ. ಜೇಬಾನ ಕೈಗಿ ಸಿಗೋದರ ಒಳಗ."

ಹಾಗಾದರೆ ಡಬ್ಬಿಯೊಳಗೆ ಏನಿದೆಯೆಂದು ಸಲಾವೋದ್ದೀನರಿಗೆ ಮೊದಲೇ ಗೊತ್ತಿತ್ತು. ಫೋನ್ ಕಿವಿಗೆ ಹಿಡಿದೇ ತಿರುಗಿದೆ. ಜೇಬಾ ಬಾಗಿಲಲ್ಲಿ ನಿಂತಿದ್ದಳು. ಡಬ್ಬಿ ಅವಳ ಕೈಯಲ್ಲೇ ಇತ್ತು.

"ಅಬ್ಬಾ ಏನಂದ್ರಂತ ಅಕ್ಕಾ?"